ಸಸ್ಯ ಸ್ಟೆರಾಲುಗಳು ಮತ್ತು ನಮ್ಮ ಆಹಾರ

ಅಂಗಡಿಯಲ್ಲಿ ದೊರೆಯುವ ಅಡಿಗೆ ಎಣ್ಣೆಯ ಪೊಟ್ಟಣಗಳ ಮೇಲೆ ‘ಕೊಲೆಸ್ಟೆರಾಲ್ ಇಲ್ಲ’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿರುವುದನ್ನು ವಾಚಕರು ಕಂಡಿರಬಹುದು. ಆ ಮಾತು ನಿಜ. ಆದರೆ ಬಾಳೆಹಣ್ಣಿನಲ್ಲಿ ಮೂಳೆ ಇಲ್ಲವೆಂಬ ಮಾತು ಎಷ್ಟು ನಿಜವೋ ಅಷ್ಟೇ ನಿಜ. ಕೊಲೆಸ್ಟೆರಾಲು ಪ್ರಾಣಿಗಳ ಸ್ವತ್ತು. ಕಡಲೆಕಾಯಿಯಾಗಲಿ ಎಳ್ಳಾಗಲಿ ತೆಂಗಾಗಲಿ, ಯಾವ ಸಸ್ಯದ ಎಣ್ಣೆಯಲ್ಲಿಯೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಅದರ ಸ್ಥಾನದಲ್ಲಿ ಅದನ್ನೇ ಬಹುಮಟ್ಟಿಗೆ ಹೋಲುವ ಬೇರೆ ವಸ್ತುಗಳಿರುತ್ತವೆ. ಅವುಗಳಿಗೆ ಸಸ್ಯ ಸ್ಟೆರಾಲುಗಳೆಂದು ಹೆಸರು.

ಕಳೆದ ವರ್ಷ ಒಂದು ದಿನ ತರಗತಿ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ಬಂದು ನನ್ನನ್ನು ಕೇಳಿದನು: “ಸರ್, ನಮ್ಮ ಮನೆಯಲ್ಲಿ ಮೊಟ್ಟೆ ಮಾಂಸಗಳ ಬಳಕೆಯಿಲ್ಲ. ತುಪ್ಪವೂ ಹಬ್ಬ ಹರಿದಿನಗಳಿಗಷ್ಟೆ. ಆದರೂ ತಂದೆಯವರ ರಕ್ತದಲ್ಲಿ ಕೊಲೆಸ್ಟೆರಾಲು ಹೆಚ್ಚಾಗಿದೆಯೆಂದು ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ಅದು ಎಲ್ಲಿಂದ ಬಂತು? ಸಸ್ಯ ಸ್ಟೆರಾಲಿನ ಪುಡಿಯೊಂದು ಸಿಗುತ್ತದಂತೆ. ಮಾತ್ರೆ ನಿಲ್ಲಿಸಿ ಅದನ್ನೇ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಆಗಬಹುದೆ?” ನಾನು ಭೌತಶಾಸ್ತ್ರವನ್ನು ಕಲಿಸುವವನು, ವೈದ್ಯನಲ್ಲ. ಅಂದು ಅವನಿಗೆ ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆಮೇಲೆ ಓದಿ ತಿಳಿದುಕೊಂಡುದನ್ನು ಅವನಿಗೂ ಹೇಳಿದೆ, ಇಲ್ಲಿಯೂ ಬರೆಯುತ್ತಿದ್ದೇನೆ.

ಮೊದಲು ಕೊಲೆಸ್ಟೆರಾಲಿನ ವಿಷಯ. ಈ ಹೆಸರಿಗೆ ಮೂಲ ಪಿತ್ತಕೋಶದ ಕಲ್ಲು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಎಂಬಾತನು ಇಂಥ ಕಲ್ಲುಗಳಲ್ಲಿದ್ದ ಬಿಳಿಯ ವಸ್ತುವನ್ನು ಪರೀಕ್ಷಿಸಿ, ಪಿತ್ತ ಮತ್ತು ಘನ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ಅದಕ್ಕೆ ಹೆಸರಿಟ್ಟನು. ಇಂದು ಆ ಹೆಸರನ್ನು ಕೇಳಿದೊಡನೆ ಜನರು ವಿಷದ ಹೆಸರು ಕೇಳಿದಂತೆ ಬೆಚ್ಚುವುದುಂಟು. ಇದು ಅನ್ಯಾಯ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಪೊರೆಗೂ ಕೊಲೆಸ್ಟೆರಾಲು ಬೇಕು. ಪಿತ್ತರಸದ ಆಮ್ಲಗಳೂ ಹಲವು ಹಾರ್ಮೋನುಗಳೂ ಅದರಿಂದಲೇ ತಯಾರಾಗುತ್ತವೆ. ಇಷ್ಟು ಅವಶ್ಯಕವಾದುದನ್ನು ದೇಹವು ಆಹಾರದ ದಯೆಗೆ ಬಿಟ್ಟಿಲ್ಲ. ಯಕೃತ್ತೂ ಇತರ ಅಂಗಗಳೂ ಸೇರಿ ದಿನಕ್ಕೆ ಸುಮಾರು ಒಂದು ಗ್ರಾಮಿನಷ್ಟನ್ನು ತಾವೇ ತಯಾರಿಸಿಕೊಳ್ಳುತ್ತವೆ. ಆಹಾರದಿಂದ ಬರುವುದು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಕಡಿಮೆ. ವಿದ್ಯಾರ್ಥಿಯ ಮೊದಲನೆಯ ಪ್ರಶ್ನೆಗೆ ಇಲ್ಲಿಯೇ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧವನ್ನು ಕರುಳಿನಲ್ಲಿ ಹುಡುಕಬೇಕಾಗಿದೆ.

ರಕ್ತವು ನೀರಿನ ದ್ರಾವಣ. ಕೊಲೆಸ್ಟೆರಾಲು ನೀರಿನಲ್ಲಿ ಕರಗದು. ಆದುದರಿಂದ ಅದು ಪ್ರೋಟೀನು ಮತ್ತು ಕೊಬ್ಬುಗಳಿಂದಾದ ಸೂಕ್ಷ್ಮ ಗೋಲಿಗಳೊಳಗೆ ಸೇರಿ ಸಂಚರಿಸುತ್ತದೆ. ಕೊಬ್ಬು ಹೆಚ್ಚಾಗಿರುವ ಗೋಲಿ ಹಗುರ, ಪ್ರೋಟೀನು ಹೆಚ್ಚಾಗಿರುವುದು ಭಾರ. ಈ ಸಾಂದ್ರತೆಯ ವ್ಯತ್ಯಾಸವನ್ನೇ ಹಿಡಿದು, ಅತಿ ವೇಗವಾಗಿ ಸುತ್ತುವ ಯಂತ್ರದಲ್ಲಿ ಅವುಗಳನ್ನು ಬೇರ್ಪಡಿಸಿ, ಹೃದ್ರೋಗದೊಡನೆ ಅವುಗಳಿಗಿರುವ ಸಂಬಂಧವನ್ನು ಅಮೆರಿಕದ ಜಾನ್ ಗಾಫ್‌ಮನ್ ಎಂಬಾತನು ೧೯೫೦ರಲ್ಲಿ ಪ್ರಕಟಿಸಿದನು. ಈತನು ಅದಕ್ಕೆ ಮುಂಚೆ ಯುರೇನಿಯಮಿನ ಮೇಲೆ ಕೆಲಸ ಮಾಡಿದ್ದವನೆಂಬುದನ್ನು ಭೌತಶಾಸ್ತ್ರದ ಅಭಿಮಾನಿಯಾದ ನಾನು ಹೇಳದಿರಲಾರೆ. ವೈದ್ಯರು ಎಲ್‌ಡಿಎಲ್ ಎಂದು ಕರೆಯುವುದು ಕಡಿಮೆ ಸಾಂದ್ರತೆಯ ಗೋಲಿಗಳನ್ನು. ಇವು ರಕ್ತದಲ್ಲಿ ಹೆಚ್ಚಾಗಿ ಬಹುಕಾಲ ಉಳಿದರೆ ಅಪಧಮನಿಗಳ ಗೋಡೆಯೊಳಗೆ ಕೊಲೆಸ್ಟೆರಾಲು ಸಂಗ್ರಹವಾಗುತ್ತದೆ. ಹೃದಯಾಘಾತಕ್ಕೆ ಇದೊಂದು ಮುಖ್ಯ ಕಾರಣ.

ಇನ್ನು ಸಸ್ಯಗಳ ಕಡೆಗೆ ತಿರುಗೋಣ. ಅವುಗಳ ಜೀವಕೋಶಕ್ಕೂ ಪೊರೆ ಇದೆ, ಆ ಪೊರೆಗೂ ಸ್ಟೆರಾಲು ಬೇಕು. ಸಸ್ಯಗಳು ತಯಾರಿಸುವ ಸ್ಟೆರಾಲುಗಳಲ್ಲಿ ಮುಖ್ಯವಾದುದು ಸಿಟೊಸ್ಟೆರಾಲು. ‘ಸಿಟೊಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಧಾನ್ಯ. ಇದರೊಡನೆ ಕ್ಯಾಂಪೆಸ್ಟೆರಾಲು, ಸ್ಟಿಗ್ಮಾಸ್ಟೆರಾಲು ಮೊದಲಾದುವೂ ಇವೆ. ಕೊಲೆಸ್ಟೆರಾಲಿನ ಅಣುವಿನಲ್ಲಿ ೨೭ ಇಂಗಾಲದ, ೪೬ ಜಲಜನಕದ, ೧ ಆಮ್ಲಜನಕದ ಪರಮಾಣುಗಳಿವೆ. ಒಂದಕ್ಕೊಂದು ಅಂಟಿಕೊಂಡ ನಾಲ್ಕು ಉಂಗುರಗಳು, ಅವುಗಳ ಕೊನೆಗೆ ಒಂದು ಬಾಲ: ಇದು ಅದರ ಆಕಾರ. ಸಿಟೊಸ್ಟೆರಾಲಿನಲ್ಲಿ ಅವೇ ನಾಲ್ಕು ಉಂಗುರಗಳು, ಅದೇ ಬಾಲ. ಆದರೆ ಬಾಲಕ್ಕೆ ಎರಡು ಇಂಗಾಲದ ಒಂದು ಚಿಕ್ಕ ಕವಲು ಮೂಡಿದೆ. ತೂಕದಲ್ಲಿ ನೂರಕ್ಕೆ ಏಳರಷ್ಟು ಹೆಚ್ಚು. ಅಷ್ಟೇ ವ್ಯತ್ಯಾಸ. ಅವಳಿಜವಳಿ ಮಕ್ಕಳಲ್ಲಿ ಒಬ್ಬನ ಕೆನ್ನೆಯ ಮೇಲೆ ಮಚ್ಚೆಯಿದ್ದಂತೆ ಎನ್ನಬಹುದು.

ಆದರೆ ಆ ಮಚ್ಚೆಯನ್ನು ನಮ್ಮ ಕರುಳು ಗುರುತಿಸುತ್ತದೆ. ಕರುಳಿಗೆ ಬಂದ ಕೊಲೆಸ್ಟೆರಾಲಿನಲ್ಲಿ ಸುಮಾರು ಅರ್ಧದಷ್ಟು ಒಳಕ್ಕೆ ಹೀರಲ್ಪಡುತ್ತದೆ. ಸಿಟೊಸ್ಟೆರಾಲಿನಲ್ಲಿ ನೂರಕ್ಕೆ ಐದು ಪಾಲೂ ಇಲ್ಲ. ಇದು ಹೇಗೆ?

ಅಭ್ಯಂಜನದ ದಿನ ಮೈಗೂ ತಲೆಗೂ ಎಣ್ಣೆ ಹಚ್ಚಿಕೊಂಡ ಮೇಲೆ ಬರಿಯ ನೀರು ಹೊಯ್ದುಕೊಂಡರೆ ಜಿಡ್ಡು ಹೋಗುವುದಿಲ್ಲ. ಸೀಗೆಪುಡಿ ಹಚ್ಚಿ ತಿಕ್ಕಿದರೆ ಹೋಗುತ್ತದೆ. ಸೀಗೆಯಲ್ಲಿರುವ ವಸ್ತುವಿನ ಅಣುವಿಗೆ ಒಂದು ತುದಿ ನೀರಿನ ಕಡೆಗೆ, ಇನ್ನೊಂದು ತುದಿ ಎಣ್ಣೆಯ ಕಡೆಗೆ ಒಲವು. ಇಂಥ ಅಣುಗಳು ಗುಂಪುಗೂಡಿ, ಎಣ್ಣೆಯನ್ನು ನಡುವೆ ಇಟ್ಟುಕೊಂಡು ನೀರಿನಲ್ಲಿ ತೇಲುತ್ತವೆ. ಕರುಳಿನಲ್ಲಿ ಈ ಸೀಗೆಯ ಕೆಲಸವನ್ನು ಪಿತ್ತರಸದ ಆಮ್ಲಗಳು ಮಾಡುತ್ತವೆ. ಅವು ಕಟ್ಟುವ ಗುಂಪುಗಳಿಗೆ ಮಿಸೆಲ್ ಎಂದು ಹೆಸರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ ಕೆಲವೇ ಪಾಲುಗಳಷ್ಟು ಅದರ ಅಗಲ. ಮಿಸೆಲಿನೊಳಗೆ ಸೇರದ ಕೊಲೆಸ್ಟೆರಾಲಿಗೆ ಕರುಳಿನ ಗೋಡೆಯನ್ನು ತಲಪುವ ದಾರಿಯಿಲ್ಲ.

ಮಿಸೆಲನ್ನು ಹೊಳೆ ದಾಟಿಸುವ ಹರಿಗೋಲಿಗೆ ಹೋಲಿಸಬಹುದು. ಅದರಲ್ಲಿ ಹಿಡಿಸುವ ಜನ ಇಷ್ಟೇ ಎಂದು ಗೊತ್ತಿದೆ. ಕೊಲೆಸ್ಟೆರಾಲಿನ ರೂಪವನ್ನೇ ಹೊತ್ತ ಸಸ್ಯ ಸ್ಟೆರಾಲುಗಳು ಮೊದಲೇ ಹತ್ತಿ ಕುಳಿತರೆ ಕೊಲೆಸ್ಟೆರಾಲಿಗೆ ಸ್ಥಳ ಸಾಲದು; ದಡದಲ್ಲಿ ಉಳಿದುದು ಮಲದೊಡನೆ ಹೊರಗೆ ಹೋಗುತ್ತದೆ. ಆಚೆಯ ದಡವನ್ನು ಸೇರಿದ ಸಸ್ಯ ಸ್ಟೆರಾಲಿನ ಗತಿಯೇನು? ಕರುಳಿನ ಜೀವಕೋಶದ ಬಾಗಿಲಲ್ಲಿ ಸ್ಟೆರಾಲುಗಳನ್ನು ಒಳಗೆ ಬಿಡುವ ಒಂದು ಪ್ರೋಟೀನಿದೆ. ಅದನ್ನು ೨೦೦೪ರಲ್ಲಿ ಗುರುತಿಸಲಾಯಿತು. ಅದು ಕೊಲೆಸ್ಟೆರಾಲನ್ನೂ ಸಸ್ಯ ಸ್ಟೆರಾಲನ್ನೂ ಒಳಗೆ ಬಿಡುತ್ತದೆ. ಆದರೆ ಒಳಗೆ ಬಂದ ಸಸ್ಯ ಸ್ಟೆರಾಲನ್ನು ಹುಡುಕಿ ಮತ್ತೆ ಕರುಳಿನೊಳಕ್ಕೇ ತಳ್ಳುವ ಪಂಪಿನಂಥ ಪ್ರೋಟೀನುಗಳ ಜೋಡಿಯೊಂದು ಅಲ್ಲಿಯೇ ಇದೆ. ತಪ್ಪಿಸಿಕೊಂಡು ರಕ್ತಕ್ಕೆ ಸೇರಿದ ಅಲ್ಪಸ್ವಲ್ಪವನ್ನು ಯಕೃತ್ತು ಪಿತ್ತರಸದೊಡನೆ ಹೊರಹಾಕುತ್ತದೆ. ಸಸ್ಯ ಸ್ಟೆರಾಲು ಮಾಡುವ ಉಪಕಾರವೆಲ್ಲ ಕರುಳಿನಲ್ಲಿಯೇ, ದೇಹದೊಳಗೆ ಪ್ರವೇಶಿಸದೆಯೇ ನಡೆಯುತ್ತದೆಯೆಂಬುದು ಸ್ವಾರಸ್ಯವಾದ ಸಂಗತಿ.

ಇಲ್ಲೊಂದು ಸಂದೇಹ ಬರಬಹುದು. ಮೊಟ್ಟೆ ಮಾಂಸಗಳನ್ನು ತಿನ್ನದವನ ಕರುಳಿನಲ್ಲಿ ಕೊಲೆಸ್ಟೆರಾಲೇ ಇಲ್ಲದಿರುವಾಗ ತಡೆಯುವುದಕ್ಕೇನಿದೆ? ಇದೆ. ಪಿತ್ತರಸದೊಡನೆ ಯಕೃತ್ತು ದಿನಕ್ಕೆ ಸುಮಾರು ಒಂದು ಗ್ರಾಮಿನಷ್ಟು ಕೊಲೆಸ್ಟೆರಾಲನ್ನು ಕರುಳಿಗೆ ಸುರಿಯುತ್ತದೆ. ಊಟದಲ್ಲಿ ಬರುವುದಕ್ಕಿಂತ ಇದು ಹೆಚ್ಚು. ಅದರಲ್ಲಿ ಅರ್ಧದಷ್ಟು ಮತ್ತೆ ಹೀರಲ್ಪಟ್ಟು ಯಕೃತ್ತಿಗೇ ಮರಳುತ್ತದೆ. ಕೆಲವರ ಕರುಳು ಹೆಚ್ಚು ಹೀರುತ್ತದೆ, ಕೆಲವರದು ಕಡಿಮೆ. ಇದು ಬಹುಮಟ್ಟಿಗೆ ಹುಟ್ಟಿನಿಂದ ಬಂದ ಗುಣ. ರಕ್ತದಿಂದ ಎಲ್‌ಡಿಎಲ್ ಗೋಲಿಗಳನ್ನು ಹಿಡಿದು ತೆಗೆಯುವ ಶಕ್ತಿಯೂ ಎಲ್ಲ ಯಕೃತ್ತುಗಳಿಗೆ ಒಂದೇ ಸಮನಾಗಿಲ್ಲ. ಹುಡುಗನ ತಂದೆಯವರ ಕೊಲೆಸ್ಟೆರಾಲು ಹೊರಗಿನಿಂದ ಬಂದುದಲ್ಲ, ಬಹುಪಾಲು ಮನೆಯದೇ.

ಈ ವಿದ್ಯೆ ಹೊಸದೇನಲ್ಲ. ೧೯೫೧ರಲ್ಲಿ ಅಮೆರಿಕದ ಪೀಟರ್ಸನ್ ಎಂಬ ಸಂಶೋಧಕನು ಕೋಳಿಮರಿಗಳಿಗೆ ಕೊಲೆಸ್ಟೆರಾಲು ಬೆರೆಸಿದ ಆಹಾರವನ್ನು ಕೊಟ್ಟನು. ಅವುಗಳ ರಕ್ತದಲ್ಲಿ ಕೊಲೆಸ್ಟೆರಾಲು ಏರಿತು. ಅದೇ ಆಹಾರಕ್ಕೆ ಸೋಯಾ ಅವರೆಯ ಸ್ಟೆರಾಲುಗಳನ್ನು ಸೇರಿಸಿದಾಗ ಏರಿಕೆ ನಿಂತಿತು. ಎರಡು ವರ್ಷಗಳ ಅನಂತರ ಪೊಲಾಕ್ ಎಂಬ ವೈದ್ಯನು ಮನುಷ್ಯರಲ್ಲಿಯೂ ಸಿಟೊಸ್ಟೆರಾಲು ರಕ್ತದ ಕೊಲೆಸ್ಟೆರಾಲನ್ನು ಇಳಿಸುವುದೆಂದು ತೋರಿಸಿದನು. ಆ ದಶಕದಲ್ಲಿಯೇ ಇದು ಸೈಟೆಲಿನ್ ಎಂಬ ಹೆಸರಿನ ಔಷಧವಾಗಿ ಅಮೆರಿಕದ ಮಾರುಕಟ್ಟೆಗೆ ಬಂತು. ಆದರೆ ರೋಗಿಗಳಿಗೆ ಅದು ಹಿಡಿಸಲಿಲ್ಲ. ದಿನಕ್ಕೆ ಹತ್ತಾರು ಗ್ರಾಮುಗಳನ್ನು ಚಮಚೆಗಟ್ಟಲೆ ನುಂಗಬೇಕಾಗಿತ್ತು. ಫಲವೂ ಒಬ್ಬೊಬ್ಬರಲ್ಲಿ ಒಂದೊಂದು ವಿಧ.

ಇದರ ಕಾರಣ ರಸಾಯನಶಾಸ್ತ್ರಕ್ಕಿಂತಲೂ ಭೌತಶಾಸ್ತ್ರಕ್ಕೆ ಹತ್ತಿರವಾದುದು. ಶುದ್ಧ ಸಿಟೊಸ್ಟೆರಾಲು ಗಟ್ಟಿಯಾದ ಹರಳು. ಅದು ಕರಗಿ ದ್ರವವಾಗಲು ಸುಮಾರು ೧೪೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ನೀರಿನಲ್ಲಿ ಅದು ಕರಗದು, ಎಣ್ಣೆಯಲ್ಲಿಯೂ ಕರಗುವುದು ಸ್ವಲ್ಪವೇ. ಹರಳಿನೊಳಗೆ ಒತ್ತಾಗಿ ಬಂಧಿತವಾದ ಅಣುಗಳು ಬಿಡಿಬಿಡಿಯಾಗಿ ಬಂದು ಮಿಸೆಲನ್ನು ಹತ್ತಬೇಕಷ್ಟೆ. ಹರಳು ಹಾಗೆಯೇ ಕರುಳನ್ನು ದಾಟಿ ಹೋದರೆ ನುಂಗಿದುದೆಲ್ಲ ವ್ಯರ್ಥ. ಇದಕ್ಕೆ ಪರಿಹಾರವೆಂದರೆ ಸ್ಟೆರಾಲನ್ನು ಒಂದು ಮೇದಾಮ್ಲದೊಡನೆ ಕೂಡಿಸಿ ಎಸ್ಟರನ್ನಾಗಿ ಮಾಡುವುದು. ಎಸ್ಟರು ಎಣ್ಣೆ ಬೆಣ್ಣೆಗಳಲ್ಲಿ ಚೆನ್ನಾಗಿ ಕರಗುತ್ತದೆ. ಕರುಳಿಗೆ ಬಂದಾಗ ಅಲ್ಲಿಯ ಜೀರ್ಣರಸವು ಬಂಧವನ್ನು ಕತ್ತರಿಸಿ, ಬೇಕಾದ ಸ್ಥಳದಲ್ಲಿಯೇ ಸ್ಟೆರಾಲನ್ನು ಬಿಡಿಸಿಕೊಡುತ್ತದೆ.

ಈ ಉಪಾಯವನ್ನು ಕಾರ್ಯಗತ ಮಾಡಿದ ದೇಶ ಫಿನ್‌ಲೆಂಡ್. ಹೃದ್ರೋಗದಿಂದ ಸಾಯುವವರ ಸಂಖ್ಯೆ ಅಲ್ಲಿ, ಅದರಲ್ಲಿಯೂ ಅದರ ಪೂರ್ವ ಭಾಗದ ಉತ್ತರ ಕರೇಲಿಯ ಪ್ರಾಂತದಲ್ಲಿ, ಒಂದು ಕಾಲಕ್ಕೆ ಭಯ ಹುಟ್ಟಿಸುವಷ್ಟಿತ್ತು. ಅದನ್ನು ತಡೆಯಲು ೧೯೭೨ರಲ್ಲಿ ಅಲ್ಲೊಂದು ದೊಡ್ಡ ಯೋಜನೆಯೇ ಆರಂಭವಾಯಿತು. ಪೈನ್ ಮರದ ಕಾಡುಗಳು ಆ ದೇಶದ ಸಂಪತ್ತು. ಮರದಿಂದ ಕಾಗದದ ತಿರುಳನ್ನು ತೆಗೆಯುವಾಗ ಉಳಿಯುವ ಎಣ್ಣೆಯಲ್ಲಿ ಸ್ಟೆರಾಲುಗಳು ಹೇರಳವಾಗಿ ದೊರೆಯುತ್ತವೆ. ಅವುಗಳಿಗೆ ಜಲಜನಕವನ್ನು ಸೇರಿಸಿ ಸ್ಟಾನಾಲು ಮಾಡಿ, ಅದರ ಎಸ್ಟರನ್ನು ಮಾರ್ಗರೀನಿನಲ್ಲಿ ಬೆರೆಸಿದರು. ಮೀಟಿನೆನ್ ಮತ್ತು ಅವನ ಸಂಗಡಿಗರು ಉತ್ತರ ಕರೇಲಿಯದ ೧೫೩ ಜನರ ಮೇಲೆ ಒಂದು ವರ್ಷ ನಡೆಸಿದ ಪರೀಕ್ಷೆಯ ಫಲಿತಾಂಶ ೧೯೯೫ರಲ್ಲಿ ಪ್ರಕಟವಾಯಿತು. ಸ್ಟಾನಾಲು ತಿಂದವರ ಎಲ್‌ಡಿಎಲ್ ಕೊಲೆಸ್ಟೆರಾಲು ಸರಾಸರಿ ನೂರಕ್ಕೆ ೧೪ರಷ್ಟು ಇಳಿದಿತ್ತು; ಬರಿಯ ಮಾರ್ಗರೀನು ತಿಂದವರಲ್ಲಿ ನೂರಕ್ಕೆ ೧ರಷ್ಟು ಮಾತ್ರ. ಕಾಗದದ ಕಾರ್ಖಾನೆಯಲ್ಲಿ ಉಳಿದ ವಸ್ತು ಹೀಗೆ ಊಟದ ಮೇಜಿಗೆ ಬಂತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇಂಥ ಪರೀಕ್ಷೆಗಳು ಎಷ್ಟೋ ನಡೆದಿವೆ. ದಿನಕ್ಕೆ ಸುಮಾರು ೨ ಗ್ರಾಮ್ ಸ್ಟೆರಾಲು ಅಥವಾ ಸ್ಟಾನಾಲನ್ನು ಊಟದೊಡನೆ ಸೇವಿಸಿದರೆ ಎಲ್‌ಡಿಎಲ್ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಇಳಿಯುತ್ತದೆಂಬುದರಲ್ಲಿ ಈಗ ವಿವಾದವಿಲ್ಲ.

ಹತ್ತೇ ಏಕೆ, ಐವತ್ತೇಕಲ್ಲ? ಕರುಳಿನಿಂದ ಬರುವ ಕೊಲೆಸ್ಟೆರಾಲು ಕಡಿಮೆಯಾದರೆ ಯಕೃತ್ತು ಕೈಕಟ್ಟಿ ಕುಳಿತುಕೊಳ್ಳುವುದಿಲ್ಲ. ರಕ್ತದಿಂದ ಎಲ್‌ಡಿಎಲ್ ಗೋಲಿಗಳನ್ನು ಹೆಚ್ಚಾಗಿ ಹಿಡಿದುಕೊಳ್ಳುತ್ತದೆ. ಇದು ನಮಗೆ ಲಾಭ. ಜೊತೆಗೆ ತಾನೇ ಕೊಲೆಸ್ಟೆರಾಲನ್ನು ಹೆಚ್ಚಾಗಿ ತಯಾರಿಸಲೂ ತೊಡಗುತ್ತದೆ. ಲಾಭದ ಒಂದು ಭಾಗ ಇದರಲ್ಲಿ ಕಳೆದುಹೋಗುತ್ತದೆ. ಪ್ರಮಾಣವನ್ನು ೩ ಗ್ರಾಮಿಗಿಂತ ಮೇಲೆ ಏರಿಸಿದರೂ ಹೆಚ್ಚಿನ ಪ್ರಯೋಜನ ಕಾಣದು. ಕಬ್ಬಿಣವನ್ನು ಅಯಸ್ಕಾಂತವಾಗಿ ಮಾಡುವಾಗ ಒಂದು ಮಿತಿಯಾದ ಮೇಲೆ ವಿದ್ಯುತ್ತನ್ನು ಎಷ್ಟು ಹರಿಸಿದರೂ ಅಯಸ್ಕಾಂತತೆ ಹೆಚ್ಚದಿರುವುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿದ್ದಾರೆ. ರೇಖಾಚಿತ್ರ ಬರೆದರೆ ಎರಡೂ ಒಂದೇ ಬಗೆಯ ವಕ್ರರೇಖೆ.

ಇನ್ನು ನಮ್ಮ ಅಡಿಗೆಮನೆಯ ಲೆಕ್ಕ. ನೂರು ಗ್ರಾಮ್ ಎಳ್ಳಿನಲ್ಲಿ ೪೦೦ರಿಂದ ೭೦೦ ಮಿಲಿಗ್ರಾಮಿನವರೆಗೆ ಸಸ್ಯ ಸ್ಟೆರಾಲು ಇದೆ. ಕಡಲೆಕಾಯಿ ಬಾದಾಮಿಗಳಲ್ಲಿ ಇದಕ್ಕಿಂತ ಕಡಿಮೆ. ಎಣ್ಣೆಗಳಲ್ಲಿ ಅಕ್ಕಿಯ ತೌಡಿನ ಎಣ್ಣೆ ಶ್ರೀಮಂತ. ನೂರು ಗ್ರಾಮಿಗೆ ಒಂದು ಗ್ರಾಮಿಗೂ ಮೇಲೆ. ಎಳ್ಳೆಣ್ಣೆಯೂ ಅದರ ಹತ್ತಿರಕ್ಕೆ ಬರುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಸುಮಾರು ೨೦೦ ಮಿಲಿಗ್ರಾಮ್. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೂ ಕಡಿಮೆ. ತುಪ್ಪದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಾಳು, ಧಾನ್ಯ, ತರಕಾರಿಗಳಲ್ಲಿ ಸ್ವಲ್ಪ ಸ್ವಲ್ಪ ಇದ್ದರೂ ನಾವು ತಿನ್ನುವ ಪ್ರಮಾಣ ದೊಡ್ಡದಾದುದರಿಂದ ಅವುಗಳ ಪಾಲೂ ಗಣನೀಯವೇ. ಎಲ್ಲ ಸೇರಿ ಸಾಮಾನ್ಯ ಆಹಾರದಲ್ಲಿ ದಿನಕ್ಕೆ ೨೦೦ರಿಂದ ೪೦೦ ಮಿಲಿಗ್ರಾಮ್ ದೊರೆಯುತ್ತದೆ; ಸಸ್ಯಾಹಾರಿಗಳಿಗೆ ಇನ್ನೂ ಹೆಚ್ಚು. ಪರೀಕ್ಷೆಗಳಲ್ಲಿ ಕೊಟ್ಟ ೨ ಗ್ರಾಮನ್ನು ಎಳ್ಳಿನಿಂದಲೇ ಪಡೆಯುತ್ತೇವೆಂದರೆ ದಿನಕ್ಕೆ ಮುನ್ನೂರರಿಂದ ಐನೂರು ಗ್ರಾಮ್ ಎಳ್ಳನ್ನು ತಿನ್ನಬೇಕಾದೀತು. ಮುನ್ನೂರು ಗ್ರಾಮೆಂದರೂ ಸುಮಾರು ೧೭೦೦ ಕಿಲೊಕ್ಯಾಲೊರಿಗಳಾಯಿತು. ಸಂಕ್ರಾಂತಿಯ ದಿನವೂ ಇದು ಅಸಾಧ್ಯ.

ಹಾಗೆಂದು ಊಟದಲ್ಲಿ ಸಹಜವಾಗಿ ಬರುವ ಸ್ಟೆರಾಲು ನಿಷ್ಪ್ರಯೋಜಕವೆಂದು ಭಾವಿಸಬಾರದು. ಅಮೆರಿಕದ ಆಸ್ಟ್‌ಲಂಡ್ ಮತ್ತು ಅವನ ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ಬಹಳ ಮೆಚ್ಚಿಗೆಯಾದುದು. ಅವರು ಮೆಕ್ಕೆಜೋಳದ ಎಣ್ಣೆಯಿಂದ ಸ್ಟೆರಾಲುಗಳನ್ನು ಮಾತ್ರ ತೆಗೆದುಹಾಕಿದರು. ಮಿಕ್ಕುದೆಲ್ಲ ಇದ್ದಂತೆಯೇ ಇತ್ತು. ಸ್ಟೆರಾಲು ತೆಗೆದ ಎಣ್ಣೆಯೊಡನೆ ಊಟ ಮಾಡಿದಾಗ ಕೊಲೆಸ್ಟೆರಾಲಿನ ಹೀರಿಕೆ ನೂರಕ್ಕೆ ೩೮ರಷ್ಟು ಹೆಚ್ಚಾಯಿತು. ಆ ಎಣ್ಣೆಗೆ ೧೫೦ ಮಿಲಿಗ್ರಾಮ್ ಸ್ಟೆರಾಲನ್ನು ಮರಳಿ ಸೇರಿಸಿದರೆ ಹೀರಿಕೆ ನೂರಕ್ಕೆ ೧೨ರಷ್ಟು, ೩೦೦ ಮಿಲಿಗ್ರಾಮ್ ಸೇರಿಸಿದರೆ ೨೮ರಷ್ಟು ಇಳಿಯಿತು. ಒಂದೇ ಒಂದು ಅಂಶವನ್ನು ಬದಲಾಯಿಸಿ, ಉಳಿದುದನ್ನು ಸ್ಥಿರವಾಗಿಟ್ಟು, ಫಲವನ್ನು ಅಳೆಯುವುದು ಹೇಗೆಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಸಸ್ಯಮೂಲದ ಎಣ್ಣೆಗಳ ಗುಣವನ್ನು ಹೇಳುವಾಗ ಅವುಗಳ ಮೇದಾಮ್ಲಗಳನ್ನಷ್ಟೇ ಎಣಿಸಿದರೆ ಸಾಲದೆಂಬುದು ಇದರಿಂದ ಸ್ಪಷ್ಟವಾಯಿತು.

ಈಗ ಇನ್ನೊಂದು ಮುಖವನ್ನೂ ನೋಡಬೇಕು. ೧೯೭೪ರಲ್ಲಿ ಭಟ್ಟಾಚಾರ್ಯ ಮತ್ತು ಕಾನರ್ ಎಂಬ ಸಂಶೋಧಕರು ಅಮೆರಿಕದಲ್ಲಿ ಇಬ್ಬರು ಅಕ್ಕತಂಗಿಯರನ್ನು ಪರೀಕ್ಷಿಸಿದರು. ಕೊಲೆಸ್ಟೆರಾಲು ಬಹಳ ಹೆಚ್ಚಾದವರಲ್ಲಿ ಕಾಣುವಂಥ ಗಂಟುಗಳು ಇವರ ಸ್ನಾಯುರಜ್ಜುಗಳ ಮೇಲೆ ಎದ್ದಿದ್ದವು. ಆದರೆ ರಕ್ತದಲ್ಲಿ ಹೆಚ್ಚಾಗಿದ್ದುದು ಕೊಲೆಸ್ಟೆರಾಲಲ್ಲ; ಸಿಟೊಸ್ಟೆರಾಲು ಮತ್ತು ಅದರ ಬಂಧುಗಳು. ಮೇಲೆ ಹೇಳಿದ ಪಂಪು ಹುಟ್ಟಿನಿಂದಲೇ ಕೆಟ್ಟಿದ್ದರೆ ಹೀಗಾಗುತ್ತದೆ. ಅದಕ್ಕೆ ಕಾರಣವಾದ ಎರಡು ಜೀನುಗಳನ್ನು ೨೦೦೦ದಲ್ಲಿ ಗುರುತಿಸಿದರು. ಪಂಪಿನ ಇರವು ಖಚಿತವಾದುದೇ ಈ ರೋಗದಿಂದ. ಇದು ಬಹು ವಿರಳವಾದ ರೋಗ. ಆದರೆ ಇದುಳ್ಳವರಿಗೆ ಚಿಕ್ಕ ವಯಸ್ಸಿನಲ್ಲಿಯೇ ಅಪಧಮನಿಗಳು ಕೆಡುವುದುಂಟು. ಎಳ್ಳು, ಬಾದಾಮಿ, ಸಸ್ಯದ ಎಣ್ಣೆಗಳನ್ನೇ ಅವರು ಮಿತಗೊಳಿಸಬೇಕಾಗುತ್ತದೆ. ಸಸ್ಯದಿಂದ ಬಂದುದೆಲ್ಲವೂ ನಿರಪಾಯವೆಂದು ನಂಬುವವರು ಈ ಸಂಗತಿಯನ್ನು ಗಮನಿಸಲಿ. ಆರೋಗ್ಯವಂತರಲ್ಲಿಯೂ, ಸ್ಟೆರಾಲು ಸೇರಿಸಿದ ಆಹಾರವನ್ನು ಸೇವಿಸಿದಾಗ ರಕ್ತದ ಕ್ಯಾರೊಟೀನು ಸ್ವಲ್ಪ ಇಳಿಯುತ್ತದೆ. ಅದೂ ಅದೇ ಹರಿಗೋಲಿನ ಪ್ರಯಾಣಿಕನಲ್ಲವೆ? ಕ್ಯಾರೆಟ್ಟು, ಸೊಪ್ಪುಗಳನ್ನು ಧಾರಾಳವಾಗಿ ತಿಂದರೆ ಈ ಕೊರತೆ ತುಂಬುತ್ತದೆ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಇಂಥ ಆಹಾರ ತಕ್ಕುದಾಗದಿರಬಹುದೆಂಬ ಎಚ್ಚರಿಕೆಯನ್ನು ಯುರೋಪಿನಲ್ಲಿ ಪೊಟ್ಟಣದ ಮೇಲೆಯೇ ಅಚ್ಚುಹಾಕಬೇಕೆಂಬ ನಿಯಮವಿದೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೂ ಉಳಿದಿದೆ. ಎಲ್‌ಡಿಎಲ್ ಎಂಬುದು ಒಂದು ಅಂಕಿ. ಅಂಕಿಯನ್ನು ಇಳಿಸುವುದು ನಮ್ಮ ಗುರಿಯಲ್ಲ; ಹೃದಯಾಘಾತವನ್ನು ತಪ್ಪಿಸುವುದು ಗುರಿ. ಸ್ಟ್ಯಾಟಿನ್ ಎಂಬ ವರ್ಗದ ಮಾತ್ರೆಗಳ ವಿಷಯದಲ್ಲಿ ಗುರಿಯನ್ನೇ ನೇರವಾಗಿ ಅಳೆದಿದ್ದಾರೆ. ಸ್ಕ್ಯಾಂಡಿನೇವಿಯದ ದೇಶಗಳಲ್ಲಿ ೪,೪೪೪ ಹೃದ್ರೋಗಿಗಳ ಮೇಲೆ ಐದು ವರ್ಷಗಳಿಗೂ ಮೀರಿ ನಡೆದ ಪರೀಕ್ಷೆಯ ಫಲ ೧೯೯೪ರಲ್ಲಿ ಹೊರಬಂತು. ಹುಸಿಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ೨೫೬ ಜನ ಸತ್ತಿದ್ದರು. ನಿಜವಾದ ಮಾತ್ರೆಯ ಗುಂಪಿನಲ್ಲಿ ೧೮೨. ಸಸ್ಯ ಸ್ಟೆರಾಲಿನ ವಿಷಯದಲ್ಲಿ ಇಂಥ ಪರೀಕ್ಷೆ ನಡೆದಿಲ್ಲ. ಅದು ಅಂಕಿಯನ್ನು ಇಳಿಸುವುದು ನಿಶ್ಚಯ. ಪ್ರಾಣವನ್ನು ಉಳಿಸುವುದೆಂಬುದು ಊಹೆ.

ಊಹೆಗೆ ಆಧಾರವಿಲ್ಲವೆಂದಲ್ಲ. ಕರುಳಿನ ಬಾಗಿಲಿನ ಪ್ರೋಟೀನನ್ನೇ ತಡೆಯುವ ಎಜೆಟಿಮೈಬ್ ಎಂಬ ಔಷಧವನ್ನು ಸ್ಟ್ಯಾಟಿನ್ನಿನೊಡನೆ ೧೮ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದರು. ಹೃದಯಾಘಾತವೇ ಮೊದಲಾದ ಆಪತ್ತುಗಳು ಸ್ಟ್ಯಾಟಿನ್ ಒಂದನ್ನೇ ತೆಗೆದುಕೊಂಡವರಲ್ಲಿ ನೂರಕ್ಕೆ ೩೪.೭, ಎರಡನ್ನೂ ತೆಗೆದುಕೊಂಡವರಲ್ಲಿ ೩೨.೭ ಆಗಿದ್ದುವೆಂದು ೨೦೧೫ರಲ್ಲಿ ಪ್ರಕಟವಾಯಿತು. ಕೊಲೆಸ್ಟೆರಾಲನ್ನು ಕರುಳಿನಲ್ಲಿಯೇ ತಡೆಯುವುದರಿಂದಲೂ ಹೃದಯಕ್ಕೆ ಲಾಭವುಂಟೆಂದಾಯಿತು, ಲಾಭ ಚಿಕ್ಕದಾದರೂ. ಸಸ್ಯ ಸ್ಟೆರಾಲಿಗೂ ಇದು ಅನ್ವಯಿಸುವುದೆ? ಪಂಡಿತರಲ್ಲಿ ಒಮ್ಮತವಿಲ್ಲ. ೨೦೧೪ರಲ್ಲಿ ಯುರೋಪಿನ ಅಪಧಮನಿರೋಗ ತಜ್ಞರ ಸಂಘವೊಂದು ಇದನ್ನು ಕೆಲವರಿಗೆ ಸಲಹೆ ಮಾಡಬಹುದೆಂದಿತು. ಅದೇ ವರ್ಷ ಬ್ರಿಟನ್ನಿನಲ್ಲಿ ವೈದ್ಯರಿಗೆ ಮಾರ್ಗದರ್ಶನ ನೀಡುವ ನೈಸ್ ಎಂಬ ಸಂಸ್ಥೆ, ಹೃದ್ರೋಗವನ್ನು ತಡೆಯುವುದಕ್ಕಾಗಿ ಇದನ್ನು ಸಲಹೆ ಮಾಡಬಾರದೆಂದಿತು. ನನಗೆ ಎರಡನೆಯ ಮಾತಿನಲ್ಲಿ ಹೆಚ್ಚು ನ್ಯಾಯ ಕಾಣುತ್ತದೆ. ಅಳೆಯದೆ ಇರುವುದನ್ನು ಅಳೆದಂತೆ ಹೇಳುವುದನ್ನು ನಮ್ಮ ಶಾಸ್ತ್ರದಲ್ಲಿ ಒಪ್ಪುವುದಿಲ್ಲ.

ಸ್ಟ್ಯಾಟಿನ್ ಮಾತ್ರೆಗಳು ಎಲ್‌ಡಿಎಲನ್ನು ಸಾಮಾನ್ಯವಾಗಿ ನೂರಕ್ಕೆ ಮೂವತ್ತರಿಂದ ಐವತ್ತರಷ್ಟು ಇಳಿಸುತ್ತವೆ. ಸಸ್ಯ ಸ್ಟೆರಾಲು ಹತ್ತು. ಮಾತ್ರೆ ಯಕೃತ್ತಿನ ತಯಾರಿಕೆಯನ್ನು ತಡೆಯುತ್ತದೆ, ಸ್ಟೆರಾಲು ಕರುಳಿನ ಹೀರಿಕೆಯನ್ನು. ಮಾರ್ಗ ಬೇರೆಯಾದುದರಿಂದ ಎರಡನ್ನೂ ಕೂಡಿಸಿದರೆ ಪರಿಣಾಮವೂ ಕೂಡುತ್ತದೆ. ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವಂತಿಲ್ಲ. ವಿದ್ಯಾರ್ಥಿಗೆ ನಾನು ಹೇಳಿದುದು ಇಷ್ಟೆ: ತಂದೆಯವರು ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು, ಪುಡಿಯನ್ನು ಸೇರಿಸಿಕೊಳ್ಳಬೇಕೆಂದಿದ್ದರೆ ಡಾಕ್ಟರನ್ನು ಕೇಳಿ ಸೇರಿಸಿಕೊಳ್ಳಲಿ. ಅವನು ಅದನ್ನೆಲ್ಲ ಒಂದು ಕಾಗದದ ಮೇಲೆ ಬರೆದುಕೊಂಡು ಹೋದನು. ಅವರು ಪುಡಿಯ ಬೆಲೆಯನ್ನು ವಿಚಾರಿಸಿ ಬಂದು ಆ ಯೋಚನೆಯನ್ನೇ ಬಿಟ್ಟರಂತೆ. ಮಾತ್ರೆ ಮುಂದುವರಿದಿದೆ. ಮನೆಯಲ್ಲಿ ಎಳ್ಳಿನ ಚಟ್ನಿಪುಡಿ ಮೊದಲಿನಂತೆಯೇ ನಡೆಯುತ್ತಿದೆ.